ಪಕ್ಕದ ಮನೆಯವರು ಮತ್ತು ‘ಅವರ ಜನ’

ಒಂದೇ ಬೀದಿಯಲ್ಲಿ ಬಹುಕಾಲ ಬಾಳಿದರೆ ಬೇರೆ ಬೇರೆ ಭಾಷೆಯವರ ನಡುವಿನ ಅಪನಂಬಿಕೆ ತಾನಾಗಿ ಕರಗುತ್ತದೆ ಎಂದು ನಾವು ನಂಬಿಕೊಂಡು ಬಂದಿದ್ದೇವೆ. ಪಶ್ಚಿಮ ಬೆಂಗಳೂರು ಈ ನಂಬಿಕೆಯನ್ನು ಸುಳ್ಳು ಮಾಡಿದ್ದುಂಟು. 2016ರ ಸೆಪ್ಟೆಂಬರ್ 12ರಂದು ತಮಿಳುನಾಡಿಗೆ ಕಾವೇರಿ ನೀರು ಬಿಡಲೇಬೇಕೆಂದು ಸುಪ್ರೀಂ ಕೋರ್ಟ್ ಮತ್ತೆ ಹೇಳಿದಾಗ, ನಾಯಂಡಹಳ್ಳಿ ಬಳಿ ತಮಿಳುನಾಡು ಮೂಲದ ಸಂಸ್ಥೆಯೊಂದರ ಹತ್ತಾರು ಬಸ್ಸುಗಳು ಸುಟ್ಟು ಕರಕಲಾದವು. ಹೆಗ್ಗನಹಳ್ಳಿಯಲ್ಲಿ ಪೊಲೀಸರ ಗುಂಡಿಗೆ ಯುವಕನೊಬ್ಬ ಬಲಿಯಾದ. ಕರ್ಫ್ಯೂ ಬಿದ್ದ 16 ಠಾಣೆಗಳಲ್ಲಿ ರಾಜಾಜಿನಗರ, ವಿಜಯನಗರ, ಮಾಗಡಿ ರಸ್ತೆ, ಕಾಮಾಕ್ಷಿಪಾಳ್ಯ, ಕೆಂಗೇರಿ ಎಲ್ಲವೂ ಇದ್ದವು. ಬಿನ್ನಿ ಮಿಲ್ಲು, ಮಿನರ್ವ ಮಿಲ್ಲುಗಳ ಕಾಲದಿಂದಲೂ ಕನ್ನಡ, ತಮಿಳು, ತೆಲುಗು, ಉರ್ದು ಮಾತಾಡುವವರು ಗೋಡೆಗೆ ಗೋಡೆ ತಾಗಿಸಿ ಬದುಕಿದ ಸೀಮೆ ಇದು. ರಾಜಾಜಿನಗರವಂತೂ ಹೆಸರನ್ನೇ ತಮಿಳು ನಾಯಕರೊಬ್ಬರಿಂದ ಪಡೆದಿದೆ.

ಹಾಗಾದರೆ ನೆರೆಹೊರೆ ಎಲ್ಲಿ ಸೋತಿತು? ಸಮಾಜ ಮನೋವಿಜ್ಞಾನಿ ಹೆನ್ರಿ ತಾಜ್‌ಫೆಲ್ ಬದುಕಿನುದ್ದಕ್ಕೂ ಕೆದಕಿದ್ದು ಇಂಥದೇ ಪ್ರಶ್ನೆಯನ್ನು. ಆತ ಪೋಲೆಂಡಿನ ಯಹೂದಿ. ಎರಡನೇ ಮಹಾಯುದ್ಧದಲ್ಲಿ ಫ್ರೆಂಚ್ ಸೈನಿಕನಾಗಿ ಜರ್ಮನರ ಸೆರೆಸಿಕ್ಕವನು, ತಾನು ಪೋಲೆಂಡಿನವನೆಂಬುದನ್ನು ಮುಚ್ಚಿಟ್ಟು ಬದುಕುಳಿದ. ಊರಲ್ಲಿದ್ದ ಅವನವರು ಬಹುಪಾಲು ಉಳಿಯಲಿಲ್ಲ. ಮುಂದೆ ಬ್ರಿಸ್ಟಲ್‌ನಲ್ಲಿ ಶಾಲಾ ಹುಡುಗರ ಮೇಲೆ ಅವನು ನಡೆಸಿದ ಪ್ರಯೋಗ 1970ರಲ್ಲಿ ಪ್ರಕಟವಾಯಿತು. ಪಾಲ್ ಕ್ಲೀ ಮತ್ತು ಕ್ಯಾಂಡಿನ್‌ಸ್ಕಿ ಎಂಬ ಚಿತ್ರಕಾರರಲ್ಲಿ ಯಾರು ಇಷ್ಟ ಎಂಬುದರ ಮೇಲೆ ನಿಮ್ಮನ್ನು ಎರಡು ಗುಂಪು ಮಾಡಿದ್ದೇವೆ ಎಂದು ಹುಡುಗರಿಗೆ ಹೇಳಲಾಯಿತು. ನಿಜದಲ್ಲಿ ಅದು ಮನಬಂದಂತೆ ಮಾಡಿದ ವಿಂಗಡಣೆ. ತಮ್ಮ ಗುಂಪಿನಲ್ಲಿ ಯಾರಿದ್ದಾರೆಂದೇ ಗೊತ್ತಿಲ್ಲದಿದ್ದರೂ ಹುಡುಗರು ಹಣ ಹಂಚುವಾಗ ಅದರ ಕಡೆಗೇ ವಾಲಿದರು. ತಮ್ಮವರಿಗೆ ಒಟ್ಟಾರೆ ಕಡಿಮೆ ಸಿಕ್ಕರೂ ಚಿಂತೆಯಿಲ್ಲ, ಇನ್ನೊಂದು ಗುಂಪಿಗಿಂತ ಹೆಚ್ಚು ಸಿಗಬೇಕು ಎಂಬ ಕಡೆಗೂ ಅವರ ಲೆಕ್ಕ ಎಳೆಯಿತು.

ಕಾವೇರಿಯ ಸಿಟ್ಟಿನಲ್ಲೂ ಈ ಲೆಕ್ಕ ಕಾಣುತ್ತದೆ. ನಮಗೆಷ್ಟು ಉಳಿಯಿತು ಎನ್ನುವುದಕ್ಕಿಂತ ಅವರಿಗೆಷ್ಟು ಹೋಯಿತು ಎನ್ನುವುದೇ ಹೆಚ್ಚು ಉರಿಸುತ್ತದೆ. ಅಂದು ಬೀದಿಯಲ್ಲಿ ವಾಹನದೊಳಗೆ ಯಾರಿದ್ದಾರೆಂದು ನೋಡುವ ವ್ಯವಧಾನ ಯಾರಿಗೂ ಇರಲಿಲ್ಲ. ನಂಬರ್ ಪ್ಲೇಟಿನ ಎರಡು ಅಕ್ಷರ ಸಾಕಾಗಿತ್ತು. ಬರಗಾಲದ ನೀರಿನ ಕೊರತೆ, ಮಂಡ್ಯದ ರೈತನ ಸಂಕಟ ನಿಜವೇ. ಆದರೆ ಗದ್ದೆಯೇ ಇಲ್ಲದ ಬಡಾವಣೆಯಲ್ಲಿ ಬಸ್ಸು ಉರಿದದ್ದಕ್ಕೆ ಆ ಕೊರತೆಯೊಂದೇ ಕಾರಣವಾಗಲಾರದು.

ಒಟ್ಟಿಗಿರುವುದಷ್ಟೇ ಪೂರ್ವಗ್ರಹ ಕಳೆಯದು ಎಂದು ಮನೋವಿಜ್ಞಾನಿ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಬರೆದಿದ್ದ. ಸಮಾನ ಸ್ಥಾನ, ಸಮಾನ ಗುರಿ, ಕೂಡಿ ದುಡಿಯುವ ಅವಕಾಶ, ಅಧಿಕಾರಸ್ಥರ ಬೆಂಬಲ, ಈ ನಾಲ್ಕೂ ಬೇಕೆಂದ. ಮೈಲ್ಸ್ ಹ್ಯೂಸ್ಟೋನ್ ಮತ್ತು ರೂಪರ್ಟ್ ಬ್ರೌನ್ 1986ರಲ್ಲಿ ಇನ್ನೊಂದು ಮಾತು ಸೇರಿಸಿದರು: ಎದುರಿನವರನ್ನು ಅವರ ಗುಂಪಿನವರೆಂದೇ ಗುರುತಿಸಿ ಬೆರೆತಾಗ ಮಾತ್ರ ಆ ಸ್ನೇಹದ ಫಲ ಇಡೀ ಗುಂಪಿಗೆ ಹರಡುತ್ತದೆ. ನಮ್ಮ ವಠಾರಗಳ ಸ್ನೇಹದ ಕೊರತೆ ಇಲ್ಲೇ ಇದೆ. ಪಕ್ಕದ ಮನೆಯ ತಮಿಳು ಅಮ್ಮನಿಂದ ಹಬ್ಬಕ್ಕೆ ಪೊಂಗಲ್ ಬರುತ್ತದೆ, ನಮ್ಮ ಮನೆಯಿಂದ ಎಳ್ಳು ಬೆಲ್ಲ ಹೋಗುತ್ತದೆ, ನೀರಿನ ಮಾತನ್ನು ಇಬ್ಬರೂ ಎತ್ತುವುದಿಲ್ಲ. ‘ಅವರೇನೋ ಒಳ್ಳೆಯವರು, ಅವರ ಜನ ಹಾಗಲ್ಲ’ ಎಂದು ಅವರನ್ನು ಅಪವಾದದ ಪಟ್ಟಿಗೆ ಸೇರಿಸಿ ‘ಅವರ ಜನ’ರ ಬಗೆಗಿನ ಅಭಿಪ್ರಾಯವನ್ನು ಹಾಗೇ ಉಳಿಸಿಕೊಳ್ಳುತ್ತೇವೆ.

ಗುರುತನ್ನು ಮುಂದಿಟ್ಟರೆ ಕಿಡಿ ಹೊತ್ತದೇ? ಹೊತ್ತಬಹುದು, ಒಬ್ಬರು ಮೇಲು ಇನ್ನೊಬ್ಬರು ಕೀಳು ಎಂಬಂತೆ ಕೂತರೆ. ತನ್ನ ಊರಲ್ಲೇ ತನ್ನ ನುಡಿ ಮೂಲೆಗೆ ಸರಿಯುತ್ತಿದೆ ಎಂಬ ಕನ್ನಡಿಗನ ಅಳಲೂ, ಎಷ್ಟು ತಲೆಮಾರಾದರೂ ಹೊರಗಿನವನೆನಿಸಿಕೊಳ್ಳುವ ತಮಿಳನ ಅಳಲೂ ಒಂದೇ ಮೇಜಿನ ಮೇಲೆ ಬರಬೇಕು. ಇದು ಬರೀ ಆಸೆಯಲ್ಲ. 2003ರಲ್ಲಿ ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಪ್ರೊ. ಎಸ್. ಜನಕರಾಜನ್ ಮುಂತಾದವರ ಪ್ರಯತ್ನದಿಂದ ‘ಕಾವೇರಿ ಕುಟುಂಬ’ ಹುಟ್ಟಿತು. ಎರಡೂ ರಾಜ್ಯದ ರೈತರು ತಮ್ಮ ರಾಜ್ಯದ ಗುರುತನ್ನು ಬಿಟ್ಟುಕೊಡದೆಯೇ ಕೂತರು, ಪರಸ್ಪರರ ಹೊಲಗದ್ದೆ ನೋಡಿದರು. ವ್ಯಾಜ್ಯ ಅವರಿಂದ ಬಗೆಹರಿಯಲಿಲ್ಲ. ಆದರೆ ಎದುರು ಪಕ್ಷಕ್ಕೂ ಒಣಗಿದ ಗದ್ದೆಯಿದೆ ಎಂಬುದು ಕಣ್ಣಿಗೆ ಬಿತ್ತು.

ನಗರದಲ್ಲಿ ಇದು ಇನ್ನೂ ಸುಲಭವಾಗಬೇಕು. ಕಾವೇರಿ ನೀರು ಕಡಿಮೆಯಾದರೆ ಶ್ರೀರಾಮಪುರದ ತಮಿಳರ ನಲ್ಲಿಯೂ ರಾಜಾಜಿನಗರದ ಕನ್ನಡಿಗರ ನಲ್ಲಿಯೂ ಒಟ್ಟಿಗೇ ಒಣಗುತ್ತವೆ. ಆಲ್‌ಪೋರ್ಟ್ ಕೇಳಿದ ಸಮಾನ ಗುರಿ ಇಲ್ಲಿ ಮನೆಮನೆಗೂ ಇದೆ. ವಾರ್ಡ್ ಸಮಿತಿ, ನಿವಾಸಿಗಳ ಸಂಘ, ಕನ್ನಡ ಸಂಘಗಳು ತಮಿಳು ಸಂಘಗಳನ್ನು ಜೊತೆಗೆ ಕೂರಿಸಿಕೊಂಡು ನೀರಿನ ಮಾತನ್ನು ಬಿಚ್ಚಿ ಆಡಬೇಕು. 2023ರ ಸೆಪ್ಟೆಂಬರಿನ ಬಂದ್‌ಗಳು ದೊಡ್ಡ ಅನಾಹುತವಿಲ್ಲದೆ ಮುಗಿದವೆಂದು ನಿಶ್ಚಿಂತರಾಗಬೇಕಿಲ್ಲ. ಬಂದೋಬಸ್ತು ಒಂದು ದಿನವನ್ನು ಕಾಯಬಹುದು, ಮನಸ್ಸನ್ನು ತಿದ್ದಲಾರದು. ಕನ್ನಂಬಾಡಿ ಕಟ್ಟೆ ತುಂಬಿರುವ ವರ್ಷಗಳಲ್ಲೇ ಈ ಮಾತುಕತೆ ನಡೆಯಬೇಕು. ನೀರು ತಳ ಕಂಡ ಮೇಲೆ ಯಾರ ಮಾತೂ ಯಾರ ಕಿವಿಗೂ ಬೀಳುವುದಿಲ್ಲ.