ಶಾಲೆಯ ರಜೆಯೂ ಕಡಲಿನ ರಜೆಯೂ

ಪಶ್ಚಿಮ ಸಮುದ್ರಕ್ಕೂ ಒಂದು ರಜೆಯುಂಟು. ಜೂನ್ ತಿಂಗಳ ಮೊದಲ ದಿನದಿಂದ ಜುಲೈ ತಿಂಗಳ ಕಡೆಯ ದಿನದವರೆಗೆ, ಅಂದರೆ 61 ದಿನಗಳ ಕಾಲ, ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಮೀನುಗಾರಿಕೆಗೆ ಇಳಿಯಕೂಡದೆಂಬುದು ಸರ್ಕಾರದ ಕಟ್ಟಳೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಪ್ರವಾಸಿ ದೋಣಿಗಳಂತೂ ಮಳೆಗಾಲ ಹಿಮ್ಮೆಟ್ಟುವ ತನಕ ದಡ ಬಿಟ್ಟು ಕದಲುವುದಿಲ್ಲ. ನೂಲ ಹುಣ್ಣಿಮೆಯಂದು ಸಮುದ್ರರಾಜನಿಗೆ ಹಾಲೆರೆದು ತೆಂಗಿನಕಾಯಿ ಅರ್ಪಿಸಿ ಬೇಡಿಕೊಂಡ ಮೇಲೆಯೇ ನೀರಿಗಿಳಿಯಬೇಕೆಂಬ ಸಂಪ್ರದಾಯವು ಸರ್ಕಾರದ ಕಟ್ಟಳೆಗಿಂತ ಎಷ್ಟೋ ಹಳೆಯದು. ಘಟ್ಟದ ಮೇಲಿನ ಶಿಕಾರಿಪುರ ಸೊರಬಗಳ ಶಾಲಾಬಾಲಕರಿಗೂ ರಜೆಯುಂಟು: ಇತ್ತೀಚಿನ ವರ್ಷಗಳ ಪದ್ಧತಿಯಂತೆ ಏಪ್ರಿಲ್ 11ರಿಂದ ಮೇ 28ರವರೆಗೆ ಬೇಸಗೆಯದು, ಮತ್ತೆ ದಸರೆಯ ಎರಡು ಎರಡೂವರೆ ವಾರಗಳದು. ಈ ಎರಡು ಪಂಚಾಂಗಗಳನ್ನು ಅಕ್ಕಪಕ್ಕದಲ್ಲಿ ಹರಡಿಕೊಂಡು ನೋಡುವ ಗೃಹಸ್ಥನಿಗೆ ತಿಳಿದುಬರುವ ಸಂಗತಿಯೆಂದರೆ, ಡಿಸೆಂಬರಿನ ನಡುವಿನಿಂದ ಮಾರ್ಚಿನ ಕೊನೆಯವರೆಗೆ ಸಮುದ್ರವು ಅತ್ಯಂತ ಪ್ರಸನ್ನವಾಗಿರುವಷ್ಟು ಕಾಲವೂ ಅವನ ಮಕ್ಕಳು ತರಗತಿಯಲ್ಲಿ ಬಂದಿಗಳು; ಅವರಿಗೆ ಬಿಡುಗಡೆ ದೊರೆಯುವ ಎರಡು ಅವಧಿಗಳಾದರೋ ಚಂಡಮಾರುತದ ಎರಡು ಋತುಗಳಿಗೆ ಅಂಟಿಕೊಂಡೇ ಇವೆ.

ಘಟ್ಟದ ಮೇಲಿನ ನಮಗೆ ಹಡಗಿನ ಚಿಂತೆ ಏತಕ್ಕೆಂದು ಕೇಳುವವರು ಇದ್ದೇ ಇದ್ದಾರೆ. 2021ರ ಸೆಪ್ಟೆಂಬರಿನಿಂದ ಮುಂಬಯಿಯ ಬಂದರಿನಿಂದ ಗೋವೆ, ಕೊಚ್ಚಿ, ಲಕ್ಷದ್ವೀಪಗಳ ಕಡೆಗೆ ವಿಹಾರನೌಕೆಯೊಂದು ಹೊರಡಲು ತೊಡಗಿದಂದಿನಿಂದ, ಊಟ ವಸತಿ ವಿನೋದಗಳೆಲ್ಲವೂ ಒಂದೇ ಟಿಕೆಟ್ಟಿನಲ್ಲಿ ಅಡಕವಾದ ಈ ಬಗೆಯ ಪ್ರವಾಸದ ಮಾತು ಶಿರಾಳಕೊಪ್ಪದ ಅಡಿಕೆ ವ್ಯಾಪಾರಿಯ ಮನೆಯಲ್ಲಿಯೂ, ಆನವಟ್ಟಿಯ ಹೈಸ್ಕೂಲು ಮೇಷ್ಟರ ಮನೆಯಲ್ಲಿಯೂ, ಬೆಂಗಳೂರಿನ ಮಗನೋ ಅಳಿಯನೋ ಫೋನಿನಲ್ಲಿ ತೋರಿಸಿದ ಚಿತ್ರಗಳ ಬೆನ್ನುಹತ್ತಿ, ಊಟದ ಹೊತ್ತಿನ ಚರ್ಚೆಯಾಗಿ ಬೆಳೆದಿದೆ. ಇದನ್ನು ಹೊಸಗಾಲದ ಹುಚ್ಚೆಂದು ತಳ್ಳಿಹಾಕುವ ಹಿರಿಯರು ಒಮ್ಮೆ ಬಳ್ಳಿಗಾವೆಯ ಶಾಸನಗಳತ್ತ ಕಣ್ಣುಹಾಯಿಸುವುದೊಳ್ಳೆಯದು. ಬಿ. ಎಲ್. ರೈಸರು ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಪ್ರಕಟಿಸಿದ ಶಿಕಾರಿಪುರ ತಾಲ್ಲೂಕಿನ ಶಾಸನಗಳಲ್ಲೊಂದು, ಹನ್ನೊಂದನೆಯ ಶತಮಾನದ್ದು, ಅಯ್ಯಾವೊಳೆಯ ಐನೂರ್ವರೆಂಬ ವರ್ತಕ ಸಂಘದವರನ್ನು ವರ್ಣಿಸುತ್ತ, ಅವರು ನೆಲದ ದಾರಿಗಳಲ್ಲಿಯೂ ಜಲದ ದಾರಿಗಳಲ್ಲಿಯೂ ನಾನಾ ದೇಶಗಳನ್ನು ಹೊಕ್ಕು ಆನೆ, ಮುತ್ತು, ರತ್ನ, ಗಂಧದ್ರವ್ಯಗಳ ವ್ಯಾಪಾರ ನಡೆಸುತ್ತಿದ್ದರೆಂದು ಹೊಗಳುತ್ತದೆ. ಪ್ರಶಸ್ತಿಯ ಉತ್ಪ್ರೇಕ್ಷೆಯನ್ನು ಎಷ್ಟು ಕಳೆದರೂ, ಕೇದಾರೇಶ್ವರನ ಸನ್ನಿಧಿಯ ಈ ಊರಿಗೆ ಕಡಲು ಅಪರಿಚಿತವಾಗಿರಲಿಲ್ಲವೆಂಬಷ್ಟು ಉಳಿಯುತ್ತದೆ. ಆ ವರ್ತಕರಿಗೆ ಶಾಲೆಯ ರಜೆ ಕಾಯುವ ಗೊಡವೆಯಿರಲಿಲ್ಲ. ಗಾಳಿಯೊಂದನ್ನು ಕಾದರೆ ಸಾಕಿತ್ತು.

ಗಾಳಿಯನ್ನು ಕಾಯುವುದೆಂದರೇನೆಂಬುದಕ್ಕೆ ನಮ್ಮ ನೆರೆಯಲ್ಲಿಯೇ ಸೊಗಸಾದ ಉದಾಹರಣೆಯಿದೆ. ರೋಮ್ ನಗರದ ಪ್ರವಾಸಿ ಪಿಯೆತ್ರೊ ದೆಲ್ಲ ವಾಲೆ, ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆಗೂಡಿ, 1623ರ ಅಕ್ಟೋಬರಿನಲ್ಲಿ ಗೋವೆಯನ್ನು ಬಿಟ್ಟು ಸಮುದ್ರಮಾರ್ಗವಾಗಿ ಹೊನ್ನಾವರಕ್ಕೆ ಬಂದನು. ಅಲ್ಲಿಂದ ಶರಾವತಿಯಲ್ಲಿ ದೋಣಿಯ ಮೇಲೆ ಗೇರುಸೊಪ್ಪೆಗೆ ಸಾಗಿ, ಘಟ್ಟ ಹತ್ತಿ ಇಕ್ಕೇರಿಯನ್ನು ಸೇರಿದನು. ಕಡಲು, ಹೊಳೆ, ಕಾಡು ಮೂರನ್ನೂ ಒಂದೇ ಯಾತ್ರೆಯಲ್ಲಿ ಕಂಡ ಈ ಪುಣ್ಯವಂತನು ಹೊರಟ ತಿಂಗಳು ಯಾವುದೆಂಬುದನ್ನು ಗಮನಿಸಬೇಕು. ಮಳೆಯ ಉಬ್ಬರ ಇಳಿದು, ಹೊಳೆಯಲ್ಲಿ ಇನ್ನೂ ನೀರು ತುಂಬಿದ್ದು, ಘಟ್ಟದ ಹಾದಿ ಆರತೊಡಗಿದ ಕಾಲವದು. ಹೆಚ್ಚುಕಡಿಮೆ ನಮ್ಮ ದಸರೆಯ ರಜೆಯ ಕಾಲವೇ.

ಹಾಗಾದರೆ ದಸರೆಯಲ್ಲಿಯೇ ಹಡಗು ಹತ್ತಬಹುದಲ್ಲವೆ ಎಂದು ಆತುರಪಡುವವರು ಗಾಳಿಯ ಇನ್ನೊಂದು ಗುಣವನ್ನು ತಿಳಿಯಬೇಕು. ಚಂಡಮಾರುತ ಹುಟ್ಟುವುದಕ್ಕೆ ಕಡಲಿನ ಮೇಲ್ಮೈ ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿರಬೇಕು; ಜೊತೆಗೆ ಮೇಲಿನ ಗಾಳಿಯೂ ಕೆಳಗಿನ ಗಾಳಿಯೂ ಒಂದನ್ನೊಂದು ಹರಿದುಹಾಕದಂತೆ ಹೊಂದಿಕೊಂಡಿರಬೇಕು. ಜುಲೈ ಆಗಸ್ಟ್‌ಗಳ ನಡುಮಳೆಗಾಲದಲ್ಲಿ ಈ ಎರಡನೆಯ ಅನುಕೂಲ ಇಲ್ಲದ ಕಾರಣ ಅರಬ್ಬೀ ಸಮುದ್ರದಲ್ಲಿ ಚಂಡಮಾರುತಗಳು ಅಪರೂಪ, ಆದರೆ ಮುಂಗಾರಿನ ಅಲೆಗಳೇ ಆಗ ಸಾಕಷ್ಟು ಉಗ್ರವಾಗಿರುತ್ತವೆ. ಮುಂಗಾರು ಬರುವ ಮುನ್ನ ಮೇ ಜೂನ್‌ಗಳಲ್ಲಿ, ಅದು ಹೋದ ಮೇಲೆ ಅಕ್ಟೋಬರಿನಿಂದ ಡಿಸೆಂಬರಿನ ಮೊದಲ ಭಾಗದವರೆಗೆ, ಚಂಡಮಾರುತಗಳ ಸರದಿ. 2019ರ ದೀಪಾವಳಿಯ ದಿನಗಳಲ್ಲಿಯೇ ಕ್ಯಾರ್ ಎಂಬುದು ಅರಬ್ಬೀ ಸಮುದ್ರದಲ್ಲಿ 2007ರ ಗೋನುವಿನ ಬಳಿಕ ಮೊದಲ ಮಹಾಚಂಡಮಾರುತವಾಗಿ ಬೆಳೆಯಿತು. ಅದರ ಬೆನ್ನಿಗೇ ಮಹಾ ಎಂಬ ಇನ್ನೊಂದು ಲಕ್ಷದ್ವೀಪದ ಮೇಲೆ ಸುಳಿಯಿತು. 2017ರ ಒಖಿ ಲಕ್ಷದ್ವೀಪವನ್ನು ತಟ್ಟಿದ್ದು ಡಿಸೆಂಬರಿನ ಆರಂಭದಲ್ಲಿ. ಬೇಸಗೆಯ ತುದಿಯ ಸಂಗತಿಯೂ ಹೀಗೆಯೇ: 2021ರ ಮೇ ನಡುವಿನಲ್ಲಿ ಲಕ್ಷದ್ವೀಪದ ಬಳಿ ಹುಟ್ಟಿದ ತೌಕ್ತೆ ನಮ್ಮ ಕರಾವಳಿಯನ್ನು ಒರೆಸಿಕೊಂಡು ಹೋಗಿ 17ರ ರಾತ್ರಿ ಗುಜರಾತಿನ ನೆಲ ಮುಟ್ಟಿತು, ಮುಂಬಯಿಯ ಆಚೆ ಮುಳುಗಿದ ಪಿ-305 ಎಂಬ ವಸತಿ ನೌಕೆಯಲ್ಲಿ ಎಪ್ಪತ್ತಕ್ಕೂ ಮಿಕ್ಕ ಜೀವಗಳು ಹೋದವು.

ಹಡಗಿನವರಿಗೆ ಇದು ಚೆನ್ನಾಗಿ ಗೊತ್ತು. 2023ರ ಜೂನ್ 5ರಂದು, ಪಶ್ಚಿಮದಲ್ಲಿ ಮುಂಗಾರು ಏಳುವ ಹೊತ್ತಿಗೆ, ಮುಂಬಯಿಯ ಆ ವಿಹಾರನೌಕೆಯೇ ಚೆನ್ನೈನಿಂದ ಶ್ರೀಲಂಕೆಗೆ ಹೊರಟಿತು. ಪೂರ್ವ ಕರಾವಳಿಯಲ್ಲಿ ಗಾಳಿ ಕೆಡುವುದು ಅಕ್ಟೋಬರಿನಿಂದಾಚೆಗಲ್ಲವೆ? ನೌಕೆಯು ಋತುವನ್ನನುಸರಿಸಿ ಸಮುದ್ರವನ್ನೇ ಬದಲಿಸಿಕೊಳ್ಳಬಲ್ಲದು, ಸೊರಬದ ಸಂಸಾರಕ್ಕೆ ಆ ಸ್ವಾತಂತ್ರ್ಯವಿಲ್ಲ. ಚೆನ್ನೈನ ಹಡಗು ಹೊರಡುವ ವೇಳೆಗೆ ಇಲ್ಲಿ ಶಾಲೆ ತೆರೆದು ವಾರ ಕಳೆದಿರುತ್ತದೆ.

ಇನ್ನು ನಮ್ಮ ಸೀಮೆಯವನಿಗೆ ಮೂರನೆಯ ಪಂಚಾಂಗವೊಂದಿದೆ, ಅದು ಮಳೆ ನಕ್ಷತ್ರಗಳದು; ಬ್ಯಾಂಕಿನಲ್ಲಿ ಸಂಬಳ ಎಣಿಸುವವನೂ ಅದರಿಂದ ಸಂಪೂರ್ಣ ಮುಕ್ತನಲ್ಲ, ಏಕೆಂದರೆ ಅವನ ಅಣ್ಣನ ಪಾಲಿನ ಗದ್ದೆಯೋ ಮಾವನ ಮನೆಯ ತೋಟವೋ ಅವನನ್ನು ಕರೆಯುತ್ತಲೇ ಇರುತ್ತದೆ. ಏಪ್ರಿಲ್ ಕಡೆಯ ವಾರದಲ್ಲಿ ಭರಣಿ ಹುಟ್ಟಿತೆಂದರೆ ಹದ ನೋಡಿ ಉಳುಮೆಗೆ ತೊಡಗುವ ಕಾಲ. ಕೃತ್ತಿಕೆ ರೋಹಿಣಿಗಳಲ್ಲಿ ಶುಂಠಿ, ಮೆಕ್ಕೆಜೋಳಗಳ ಗಡಿಬಿಡಿ. ದಸರೆಯ ಹೊತ್ತಿಗೆ ಮೆಕ್ಕೆಜೋಳದ ಕಟಾವು, ಅಡಿಕೆಯ ಕೊನೆ ಇಳಿಸುವ ಕೆಲಸ, ಸುಲಿಯುವವರನ್ನು ಹುಡುಕುವ ಪಡಿಪಾಟಲು. ಆಮೇಲೆ ಬತ್ತದ ಕೊಯ್ಲು. ಈ ಮೂರು ಪಂಚಾಂಗಗಳನ್ನು ಒಂದರ ಮೇಲೊಂದು ಹಾಸಿದಾಗ ತೆರವಾಗಿ ಉಳಿಯುವ ಜಾಗವು ಒಂದೇ: ಏಪ್ರಿಲ್ ನಡುವಿನಲ್ಲಿ ತೊಡಗಿ ಭರಣಿಯವರೆಗೆ ನಡೆಯುವ ಅಶ್ವಿನಿಯ ಹದಿನಾಲ್ಕು ದಿನಗಳು. ಪರೀಕ್ಷೆ ಮುಗಿದಿರುತ್ತದೆ, ನೇಗಿಲು ಕದಲಿರುವುದಿಲ್ಲ, ಕಡಲೂ ಶಾಂತ. ಸೆಕೆಯುಂಟು, ನಿಜ, ಸೆಕೆಗೆ ಹೆದರುವವರು ಸಮುದ್ರದ ಗೊಡವೆಗೆ ಹೋಗದಿರುವುದು ಲೇಸು. ರಜೆ ಸಿಕ್ಕಿದ ಕೂಡಲೆ ಅಜ್ಜಿಯ ಮನೆಗೆ ಮಕ್ಕಳನ್ನು ಕಳುಹಿಸಿ ಪ್ರವಾಸವನ್ನು ಮೇ ಕೊನೆಗೆ ಮುಂದೂಡುವ ನಮ್ಮ ರೂಢಿಯನ್ನು ತಿರುಗುಮುರುಗು ಮಾಡಬೇಕೆಂಬುದೇ ನನ್ನ ಸಲಹೆ: ಅಜ್ಜಿಯ ಮನೆ ಮೇ ತಿಂಗಳಲ್ಲಿಯೂ ತೇಲಿಹೋಗುವುದಿಲ್ಲ.

ಅನಿವಾರ್ಯವಾಗಿ ಬೇರೆ ಕಾಲದಲ್ಲಿ ಹೊರಡುವವರು ಹಣ ಕಟ್ಟುವ ಮುನ್ನ ಕರಾರಿನ ಸಣ್ಣ ಅಕ್ಷರಗಳನ್ನು ಓದಬೇಕು. ಹವೆಯ ಕಾರಣದಿಂದ ನೌಕೆಯ ಕಪ್ತಾನನು ಒಂದು ಬಂದರನ್ನು ಬಿಟ್ಟು ಮುಂದೆ ಸಾಗಿದರೆ ಪೂರ್ತಿ ಹಣ ಮರಳುವುದೆಂಬ ಭ್ರಮೆ ಬೇಡ. ಹಾಗೆ ಮಾರ್ಗ ಬದಲಿಸುವ ಅಧಿಕಾರವನ್ನು ನೌಕಾ ಸಂಸ್ಥೆಗಳು ಸಾಮಾನ್ಯವಾಗಿ ತಮ್ಮ ಕೈಯಲ್ಲಿಯೇ ಇಟ್ಟುಕೊಂಡಿರುತ್ತವೆ. ಬಿರುಗಾಳಿಗೆ ಹೆಸರಿಟ್ಟ ಮೇಲೆ ಕೊಂಡ ವಿಮೆಯು ಆ ಬಿರುಗಾಳಿಯ ಮಟ್ಟಿಗೆ ನಿರುಪಯೋಗಿಯಾಗುವುದೇ ಹೆಚ್ಚು. ಹವಾಮಾನ ಇಲಾಖೆಯು ಗುರುವಾರ ಗುರುವಾರ ಮುಂದಿನ ಎರಡು ವಾರಗಳ ಚಂಡಮಾರುತ ಸಂಭವದ ಮುನ್ನೋಟವನ್ನು ಪ್ರಕಟಿಸುತ್ತದೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯು ಅಲೆಗಳ ಎತ್ತರದ ಮುನ್ಸೂಚನೆ ಕೊಡುತ್ತದೆ. ಮದುವೆಗೆ ಜ್ಯೋತಿಷಿಯನ್ನು ಕೇಳುವ ನಾವು ಇವರನ್ನು ಕೇಳಿದರೆ ನಷ್ಟವಿಲ್ಲ. ಘಟ್ಟದ, ಕರಾವಳಿಯ ದಾರಿಗಳ ವಿಚಾರವೂ ಹಡಗಿನಷ್ಟೇ ಮುಖ್ಯ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಯ ಮೇಲೆ ಕುಸಿದುಬಿದ್ದುದನ್ನು ಯಾರೂ ಮರೆತಿರಲಾರರು.

ಇಷ್ಟೆಲ್ಲ ಹೊಂದಾಣಿಕೆಯನ್ನು ಸಂಸಾರವೊಂದರ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಬೀದರಿನ ಬಿಸಿಲಿಗೂ ಸೊರಬದ ಮಳೆಗೂ ಒಂದೇ ರಜಾಪಟ್ಟಿಯನ್ನು ಹೊಲಿಯುವ ಶಿಕ್ಷಣ ಇಲಾಖೆಯು ಈ ವಿಷಯದಲ್ಲಿ ಕೊಂಚ ಉದಾರವಾಗಬೇಕು. ಭೇದ ಮಾಡಲಾಗದೆಂಬ ವಾದವು ನಿಲ್ಲತಕ್ಕುದಲ್ಲ: ಬೇಸಗೆಯಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಛೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ಏರ್ಪಾಡು ಬಹುಕಾಲದಿಂದ ನಡೆದುಬಂದಿದೆ. 2022ರಲ್ಲಿ ದಕ್ಷಿಣ ಕನ್ನಡದ ಶಾಲೆಗಳಿಗೆ ನವರಾತ್ರಿಯ ಅನುಕೂಲ ನೋಡಿ ದಸರೆಯ ರಜೆಯ ದಿನಗಳನ್ನೇ ಬೇರೆ ಮಾಡಿಕೊಡಲಾಯಿತು. ಮಲೆನಾಡಿನಲ್ಲಂತೂ ಜುಲೈ ತಿಂಗಳ ಮಳೆ ರಜೆಯು, ಹಿಂದಿನ ರಾತ್ರಿ ಮೊಬೈಲಿಗೆ ಬರುವ ಆದೇಶದ ರೂಪದಲ್ಲಿ, ಆಗಲೇ ಒಂದು ಪ್ರತ್ಯೇಕ ರಜಾಪಟ್ಟಿಯನ್ನು ನಿರ್ಮಿಸಿಕೊಂಡಿದೆ. ಅದರ ಪಾಠಗಳನ್ನು ಶನಿವಾರ ಭಾನುವಾರಗಳಲ್ಲಿ ತುಂಬುವ ಶ್ರಮವೂ ತಪ್ಪಿದ್ದಲ್ಲ. ಬೇಸಗೆ ರಜೆಯ ಬಾಲದಿಂದ ಎಂಟು ಹತ್ತು ದಿನಗಳನ್ನು ಕತ್ತರಿಸಿ, ಬತ್ತ ಕಣಜ ಸೇರಿ ಅಡಿಕೆಯ ಕೆಲಸವೂ ಹಗುರವಾಗುವ ಸಂಕ್ರಾಂತಿಯ ಮರುವಾರಕ್ಕೆ, ಹತ್ತನೆಯ ತರಗತಿಯವರನ್ನು ಹೊರತುಪಡಿಸಿ, ಮಲೆನಾಡಿನ ತಾಲ್ಲೂಕುಗಳಿಗೆ ಕೊಡಬಾರದೇಕೆ? ಚಳಿಗಾಲವೇ ಪ್ರವಾಸಕ್ಕೆ ಪ್ರಶಸ್ತವೆಂಬುದನ್ನು ಶಾಲೆಗಳು ಬಲ್ಲವು. ಶೈಕ್ಷಣಿಕ ಪ್ರವಾಸದ ಬಸ್ಸುಗಳು ಹೊರಡುವುದು ಆ ಕಾಲದಲ್ಲಿಯೇ. ಆದರೆ 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲತೀರದಲ್ಲಿ ಹಾಗೆ ಬಂದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ತಾಯಿತಂದೆಯರ ಕೈಹಿಡಿದು ಮೊದಲ ಸಲ ಸಮುದ್ರವನ್ನು ನೋಡುವ ಅವಕಾಶ ಮಗುವಿಗೆ ಆ ಋತುವಿನಲ್ಲಿಯೇ ಸಿಗಬೇಕಾದುದು ವಿನೋದಕ್ಕಾಗಿ ಮಾತ್ರವಲ್ಲ.

ಹಡಗಿನ ಟಿಕೆಟ್ಟು ಎಷ್ಟು ಮನೆಗಳಿಗೆ ಎಟುಕೀತೆಂಬ ಪ್ರಶ್ನೆ ಉಳಿಯುತ್ತದೆ, ಮತ್ತು ಅದು ಸಾಧುವಾದ ಪ್ರಶ್ನೆ. ಅಡಿಕೆ ಸುಲಿಯುವ ಕೈಗಳ ಮಕ್ಕಳಿಗೆ ಲಕ್ಷದ್ವೀಪದ ಮಾತು ಹಾಸ್ಯವಾಗಿ ಕೇಳೀತು. ಆದರೆ ಶಿಕಾರಿಪುರ ಸೊರಬ ತಾಲ್ಲೂಕುಗಳ ಅಸಂಖ್ಯ ಮಕ್ಕಳಿಗೆ ಹಡಗೆಂದರೆ ಹಿನ್ನೀರು ದಾಟಿಸುತ್ತಿದ್ದ ಸಿಗಂದೂರಿನ ಲಾಂಚೇ ಆಗಿತ್ತು. ಬಸ್ಸೇ ತೇಲುತ್ತ ಹೋಗುವ ಆ ಬೆರಗಿಗೆ ಟಿಕೆಟ್ಟಿನ ಬೆಲೆ ಅತ್ಯಲ್ಪವಾಗಿತ್ತು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಕಡಲಿಗೆ ತದ್ವಿರುದ್ಧವಾದ ಪಂಚಾಂಗವನ್ನು ಪಾಲಿಸುತ್ತದೆಂಬುದು ನಮ್ಮ ಭಾಗ್ಯ: ಮೇ ತಿಂಗಳಲ್ಲಿ ನೀರಿಳಿದು ಲಾಂಚಿನ ಮೇಲೆ ವಾಹನ ಹತ್ತಿಸುವುದನ್ನೇ ನಿಲ್ಲಿಸಬೇಕಾದ ವರ್ಷಗಳಿದ್ದವು, ದಸರೆಯ ಹೊತ್ತಿಗಾದರೋ ಒಳ್ಳೆಯ ಮಳೆಯಾದ ವರ್ಷ ಅದು ದಡ ತುಂಬಿ ನಿಶ್ಚಲವಾಗಿರುತ್ತದೆ. 2025ರ ಜುಲೈ 14ರಂದು ಅಂಬಾರಗೋಡ್ಲು ಕಳಸವಳ್ಳಿಗಳ ನಡುವಿನ 2.44 ಕಿಲೋಮೀಟರ್ ಉದ್ದದ ಸೇತುವೆ ತೆರೆದ ಮೇಲೆ ಹಿನ್ನೀರಿನಾಚೆಯ ಜನರ ಅರ್ಧಶತಮಾನಕ್ಕೂ ಮಿಕ್ಕ ಸಂಕಟ ಕೊನೆಗೊಂಡಿತು, ಲಾಂಚುಗಳಿಗೆ ಕೆಲಸ ತಪ್ಪಿತು. ಅವುಗಳನ್ನು ತುಕ್ಕಿಗೆ ಒಪ್ಪಿಸುವ ಬದಲು, ಜೀವರಕ್ಷಕ ಅಂಗಿಗಳನ್ನೂ ತಜ್ಞರ ತಪಾಸಣೆಯನ್ನೂ ಕಡ್ಡಾಯ ಮಾಡಿ, ದಸರೆಯ ರಜೆಯಲ್ಲಿ ದಿನಕ್ಕೆರಡು ಬಾರಿ ಹಿನ್ನೀರಿನ ಸುತ್ತಾಟಕ್ಕೆ ಬಿಡುವ ವ್ಯವಸ್ಥೆಯನ್ನು ಜಿಲ್ಲಾಡಳಿತವು ಮಾಡಬಹುದು. ಶಿಕಾರಿಪುರದಿಂದಲೂ ಸೊರಬದಿಂದಲೂ ಬೆಳಿಗ್ಗೆ ಹೊರಟು ಸಂಜೆ ಮರಳುವ ಒಂದೊಂದು ಸಾರಿಗೆ ಬಸ್ಸನ್ನು ಅದಕ್ಕೆ ಜೋಡಿಸಿದರೆ, ಕೊನೆ ಇಳಿಸುವ ಕಾಲದಲ್ಲಿಯೂ ಒಂದು ಹಗಲನ್ನು ಬಿಡುವು ಮಾಡಿಕೊಳ್ಳಲಾರದ ಮನೆ ಬಹಳ ಇರಲಾರದು.