ತದಡಿಯಲ್ಲಿ ನೀರು ಇಳಿದಾಗ

ನಮ್ಮ ಆಫೀಸಿನಲ್ಲಿ ಗೋಕರ್ಣ ನೋಡದವರು ಯಾರೂ ಇಲ್ಲ. ಓಂ ಬೀಚ್ ಫೋಟೊ ಎಲ್ಲರ ಫೋನಲ್ಲೂ ಇದೆ. ಆದ್ರೆ ಅಲ್ಲಿಂದ ಸ್ವಲ್ಪ ದಕ್ಷಿಣಕ್ಕೆ, ಅಘನಾಶಿನಿ ಹೊಳೆ ಸಮುದ್ರ ಸೇರೋ ಜಾಗದಲ್ಲೇ ಇರೋ ತದಡಿ ಬಂದರಿಗೆ ಹೋದವರು ಒಬ್ಬರೂ ಸಿಗಲಿಲ್ಲ.

ನಾನು ಎಚ್.ಡಿ. ಕೋಟೆಯವನು. ನಮಗೆ ನೀರು ಏರೋದು ಅಂದ್ರೆ ಕಬಿನಿ ಡ್ಯಾಂ ತುಂಬೋದು. ಮಳೆಗಾಲದಲ್ಲಿ ಟೀ ಅಂಗಡಿಯಲ್ಲೂ ‘2284 ಅಡಿ ಆಯ್ತಾ?’ ಅನ್ನೋದೇ ಮಾತು. ಬೇಸಿಗೆಯಲ್ಲಿ ಹಿನ್ನೀರು ಸರಿಯುತ್ತೆ. ವರ್ಷಕ್ಕೊಂದು ಸಲ ಏರಿ ಇಳಿಯುವ ನೀರು ನೋಡಿ ಬೆಳೆದವನಿಗೆ, ದಿನಕ್ಕೆ ಎರಡೆರಡು ಸಲ ಏರಿಳಿಯೋ ಹೊಳೆ ಹೊಸದು.

ಬೆಳಿಗ್ಗೆ ಹೋದಾಗ ಬಣ್ಣಬಣ್ಣದ ಮೀನುಗಾರಿಕೆ ದೋಣಿಗಳು ತುಂಬಿದ ನೀರಲ್ಲಿ ಒಂದಕ್ಕೊಂದು ತಾಗಿ ನಿಂತಿದ್ದವು. ಆಚೆ ದಡದ ಅಘನಾಶಿನಿ ಊರಿಗೆ ಬೈಕ್ ಸಮೇತ ಜನರನ್ನ ದಾಟಿಸೋ ದೋಣಿ ಇದೆ. ನಾನೂ ಹತ್ತಿ ಹೋಗಿ ಬಂದೆ. ಮಧ್ಯಾಹ್ನದ ಹೊತ್ತಿಗೆ ಅಂಚಿನಲ್ಲೆಲ್ಲ ಕೆಸರು, ಮರಳು ಮೇಲೆದ್ದಿತ್ತು. ಹೆಂಗಸರು, ಗಂಡಸರು ಸೊಂಟದ ಮಟ್ಟದ ನೀರಲ್ಲಿ ನಿಂತು ಬಳಚು ಹೆಕ್ಕುತ್ತಿದ್ದರು. ಬಳಚು ಅಂದ್ರೆ ಚಿಪ್ಪಿನ ಮೀನು.

“ಎಷ್ಟೊತ್ತು ಹೆಕ್ತೀರಾ ಅಕ್ಕಾ?” ಅಂದೆ.

“ನೀರು ಬಿಟ್ಟಷ್ಟು ಹೊತ್ತು ತಮ್ಮಾ.”

ಫ್ರಾನ್ಸಿನ ಬ್ರಿಟನಿಯ ಸೇಂಟ್ ಮಾಲೊದಲ್ಲಿ ದೊಡ್ಡ ಉಬ್ಬರದ ದಿನ ನೀರು 12 ಮೀಟರ್‌ವರೆಗೂ ಏರುತ್ತೆ. ಅದರ ವಿಡಿಯೊ ನೀವೂ ನೋಡಿರಬಹುದು. ನಮ್ಮ ಕರಾವಳಿಯದು ಹೆಚ್ಚೆಂದರೆ ಸುಮಾರು ಎರಡು ಮೀಟರಿನ ಆಟ. ಅಷ್ಟರಲ್ಲೇ ಇಲ್ಲಿ ಸಾವಿರಾರು ಮನೆ ನಡೆಯುತ್ತೆ. ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆಯೋ ಕಗ್ಗ ಭತ್ತ ಬೆಳೀತಾರೆ, ಕೊಯ್ಲಾದ ಮೇಲೆ ಅಲ್ಲೇ ಸಿಗಡಿ, ಮೀನು.

ಶಿರಸಿ ಕಡೆ ಹುಟ್ಟೋ ಈ ಹೊಳೆಗೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಹಾಗಾಗಿ ಸಿಹಿನೀರು, ಉಪ್ಪುನೀರು ಕಾಲಕ್ಕೆ ತಕ್ಕ ಹದದಲ್ಲಿ ಬೆರೆಯುತ್ತೆ. ಪಕ್ಕದ ಹೊನ್ನಾವರದಲ್ಲಿ ಹಾಗಿಲ್ಲ. ಅಲ್ಲಿ ಶರಾವತಿಯ ವಿದ್ಯುತ್ ಕೇಂದ್ರಗಳು ವರ್ಷಪೂರ್ತಿ ನೀರು ಬಿಡ್ತಾವೆ, ಅಳಿವೆಯ ಉಪ್ಪು ಕಡಿಮೆಯಾಗಿ ಬಳಚು ಬಹುಪಾಲು ಹೋಯಿತು. ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸಾರ್ ಮಾನ್ಯತೆಯೇನೋ ಸಿಕ್ಕಿದೆ. ಆದ್ರೆ ಇದೇ ಹೊಳೆ ನೀರನ್ನ ಬಯಲುಸೀಮೆಯ ವೇದಾವತಿಗೆ ತಿರುಗಿಸೋ ಪ್ರಸ್ತಾವವೂ ಇದೆ, ಅದಕ್ಕೆ ವಿರೋಧವೂ ಇದೆ.

‘ಸುಮ್ನೆ ಸಮುದ್ರಕ್ಕೆ ಹೋಗೋ ನೀರು ತಾನೆ’ ಅಂತ ನಾನೂ ಎಷ್ಟೋ ಸಲ ಕೇಳಿದ್ದೀನಿ. ನಮ್ಮಜ್ಜಿಯ ಹೊಲ ಕಬಿನಿ ಹಿನ್ನೀರಿನ ಕೆಳಗಿದೆ. ಆ ಡ್ಯಾಂನಿಂದ ಎಷ್ಟೋ ಊರಿಗೆ ನೀರು ಬಂತು, ಅದೂ ನಿಜ. ಆದ್ರೆ ಹೊಲ ಹೋಗೋದು ಕಣ್ಣಿಗೆ ಕಾಣುತ್ತೆ, ಲೆಕ್ಕಕ್ಕೂ ಬರುತ್ತೆ. ತದಡಿಯ ಬಳಚು ಹೋದ್ರೆ ಪರಿಹಾರದ ಪಟ್ಟಿಯಲ್ಲಿ ಆ ಅಕ್ಕನ ಹೆಸರು ಎಲ್ಲಿ ಬರೀತಾರೆ?

ಹೋಗೋದಾದ್ರೆ ಇಳಿತದ ಹೊತ್ತು ನೋಡ್ಕೊಂಡು ಹೊರಡಿ. ಅದು ದಿನಕ್ಕೆ ಸುಮಾರು 50 ನಿಮಿಷ ತಡವಾಗ್ತಾ ಹೋಗುತ್ತೆ. ಶನಿವಾರ ಹತ್ತಕ್ಕಿದ್ದದ್ದು ಭಾನುವಾರ ಹನ್ನೊಂದಾಗುತ್ತೆ.