ಛಲದ ಉಪದೇಶ ಸಾಕು



ಎಸ್ಸೆಸ್ಸೆಲ್ಸಿಯಲ್ಲಿ ಅನುತ್ತೀರ್ಣವಾದ ಮಗುವನ್ನು ‘ನಾವು ಬುಡ್ಡಿದೀಪದಲ್ಲಿ ಓದಿ ಪಾಸಾಗಲಿಲ್ಲವೇ? ನಿನಗೆ ಛಲವಿಲ್ಲ’ ಎಂದು ಹಂಗಿಸುವ ಹಿರಿಯರ ಮಾತನ್ನು ನಾನು ಒಪ್ಪಲಾರೆ.

ನಮ್ಮ ಹಿರಿಯೂರಿನ ಮಾರಿಕಣಿವೆಯನ್ನೇ ನೋಡಿರಿ. 1933ರಲ್ಲಿ ಕೋಡಿ ಬಿದ್ದ ಈ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ತರುವಾಯ, 2022ರಲ್ಲಿ. ಅದು ಕೇವಲ ಕಟ್ಟೆಯ ಛಲವೇ? ಕಟ್ಟೆ ಅಲುಗದೆ ನಿಂತಿತ್ತು, ನಿಜ. ಆದರೆ ಮಳೆ ಸುರಿಯಬೇಕಾಯಿತು. 2019ರಿಂದ ಭದ್ರೆಯ ನೀರೂ ಹರಿದು ಬಂದಿತ್ತು.

ಮಕ್ಕಳಿಗೂ ಹಾಗೆಯೇ. ಅದೇ ವರ್ಷ ಮತ್ತೊಮ್ಮೆ ಪರೀಕ್ಷೆ ಬರೆಯುವ ಅವಕಾಶವಿದೆ. ಶುಲ್ಕ ಕಟ್ಟಿರಿ, ಪಕ್ಕದಲ್ಲಿ ಕುಳಿತು ಗಣಿತ ಹೇಳಿಕೊಡಿರಿ; ಹೆಣ್ಣುಮಗಳಾದರೆ ಮದುವೆಯ ಮಾತು ನಿಲ್ಲಿಸಿರಿ. ಒಣಗಿದ ಕೆರೆಗೆ ಉಪದೇಶ ಮಾಡಿದರೆ ಕೋಡಿ ಬೀಳದು, ನೀರು ಹರಿಸಬೇಕು.